ಒಂದೇ ಒಲೆಯ ಮನೆ

ಆ ಮಹಡಿಯಲ್ಲಿ ಎರಡು ಕೋಣೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಜಾಗ, ಆ ಜಾಗದಲ್ಲಿ ಒಂದು ಒಲೆ. ಬಲಗಡೆಯ ಕೋಣೆಯಲ್ಲಿ ಇಸ್ತ್ರಿಯಕ್ಕ, ಅವಳ ಗಂಡ, ಮಗಳು. ಎಡಗಡೆಯದರಲ್ಲಿ ಅವಳ ವಾರಗಿತ್ತಿ ಮತ್ತು ಅವಳ ಪುಟ್ಟ ಮಗು. ಇಸ್ತ್ರಿಯಕ್ಕ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು; ಬೀದಿಯವರು ಇಟ್ಟ ಹೆಸರೇ ಅವಳಿಗೆ ಗಟ್ಟಿಯಾಗಿತ್ತು. ವಾರಗಿತ್ತಿಯನ್ನು ಇಸ್ತ್ರಿಯಕ್ಕನ ಮಗಳು ಚಿಕ್ಕಿ ಎನ್ನುತ್ತಿದ್ದಳು, ಅದನ್ನು ಕೇಳಿ ಕೇಳಿ ಎಲ್ಲರಿಗೂ ಅವಳು ಚಿಕ್ಕಿಯೇ ಆದಳು. ಸಿನಿಮಾ ಥಿಯೇಟರಿನಲ್ಲಿ ಆಟ ಬಿಟ್ಟ ಮೇಲೆ ಕುರ್ಚಿಗಳ ಸಂದಿ ಗುಡಿಸುವುದು ಅವಳ ಕೆಲಸ. ಅವಳ ಗಂಡ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು ಇನ್ನೂ ಹುಡುಕುತ್ತಲೇ ಇದ್ದ.

ವಾರಗಿತ್ತಿಯರೆಂದರೆ ಎಣ್ಣೆ ಸೀಗೆಕಾಯಿ ಎಂದುಕೊಂಡವರಿಗೆ ಇವರಿಬ್ಬರನ್ನು ನೋಡಿ ನಿರಾಸೆಯಾಗುತ್ತಿತ್ತು. ಬೆಳಿಗ್ಗೆ ಇಸ್ತ್ರಿಯಕ್ಕ ಅಕ್ಕಿ ತೊಳೆದಿಟ್ಟು ಹೋದರೆ ಚಿಕ್ಕಿ ಬೇಯಿಸುವಳು. ಸಂಜೆ ಚಿಕ್ಕಿ ತರಕಾರಿ ಹೆಚ್ಚಿಟ್ಟು ಹೋದರೆ ಇಸ್ತ್ರಿಯಕ್ಕ ಒಗ್ಗರಣೆ ಹಾಕುವಳು. ಉಪ್ಪು ಹಾಕಿದ್ದು ಯಾರೆಂದು ತಿಳಿಯದೆ ಇಬ್ಬರೂ ಹಾಕಿ, ಎಲ್ಲರೂ ಮುಖ ಕಿವುಚಿಕೊಂಡು ಉಂಡ ದಿನಗಳೂ ಇದ್ದವು. "ಜಗಳ ಆಡೋಕಾದ್ರೂ ನಿಮಗೆ ಪುರುಸೊತ್ತು ಬೇಡ್ವೇನ್ರೇ?" ಎಂದು ಕೆಳಗಿನ ಮನೆಯ ಟೈಲರ್ ಕೇಳುತ್ತಿದ್ದ. ಇಸ್ತ್ರಿಯಕ್ಕನಿಗೆ ಆ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಹಿಗ್ಗು.

ಹೀಗಿರುವಾಗ ಬಡವರ ಮನೆಗಳಿಗೆ ತಿಂಗಳು ತಿಂಗಳು ನೇರವಾಗಿ ಹಣ ಕೊಡುತ್ತಾರೆಂಬ ಸುದ್ದಿ ಬಂತು. ಅದರ ಹಿಂದೆಯೇ ಮನೆ ಎಣಿಸುವ ಹುಡುಗಿಯೂ ಬಂದಳು. ಚಿಕ್ಕಿ ಥಿಯೇಟರಿನಲ್ಲಿದ್ದಳು.

"ಇಲ್ಲಿ ಒಂದು ಮನೆನೋ ಎರಡೋ?" ಎಂದು ಹುಡುಗಿ ಕೇಳಿದಳು. "ಅಡುಗೆ ಬೇರೆ ಬೇರೆನಾ?"

"ಏನು ಹೀಗ್ ಕೇಳ್ತೀಯಮ್ಮ? ನಮ್ಮದು ಒಂದೇ ಒಲೆ. ಬೇರೆ ಆಗೋ ಜನ ಅಲ್ಲ ನಾವು."

ಆ ಮಾತು ಆಡುವಾಗ ಅವಳಿಗೆ ಎಂಥ ಹೆಮ್ಮೆ. ಹುಡುಗಿ ಒಂದೇ ಮನೆಯೆಂದು ಬರೆದುಕೊಂಡು ಹೋದಳು.

ಹಣ ಇಸ್ತ್ರಿಯಕ್ಕನ ಖಾತೆಗೆ ಬಂತು. ಚಿಕ್ಕಿಯದು ಬರಲಿಲ್ಲ. ಏಕೆಂದು ವಿಚಾರಿಸಲು ಇಸ್ತ್ರಿಯಕ್ಕ ಕಚೇರಿಗೆ ಹೋದಾಗ ಅಲ್ಲಿದ್ದ ಗುಮಾಸ್ತ ತಲೆ ಎತ್ತದೆ ಹೇಳಿದ: "ಒಂದು ಒಲೆ ಅಂದ್ರೆ ಒಂದು ಕುಟುಂಬ, ಅದಕ್ಕೆ ಒಂದೇ ಹಣ. ಅವರು ಒಲೆ ಬೇರೆ ಮಾಡ್ಕೊಂಡ್ರೆ ಬಂದು ಬರೆಸ್ಲಿ, ಅವರಿಗೂ ಬರುತ್ತೆ."

ಇದನ್ನು ಮನೆಗೆ ಹೋಗಿ ಹೇಳಬೇಕೆಂದೇ ಅವಳು ಹೊರಟಳು. ದಾರಿಯಲ್ಲಿ ಮನಸ್ಸು ಹಿಂದೆ ಮುಂದೆ ನೋಡಿತು. ಹೇಳಿದರೆ ಚಿಕ್ಕಿ ಒಲೆ ಬೇರೆ ಮಾಡಿಬಿಟ್ಟರೆ? ಇಷ್ಟು ವರ್ಷ ಉಳಿಸಿಕೊಂಡದ್ದನ್ನು ಹಣಕ್ಕಾಗಿ ಒಡೆಯುವುದೇ? ನಾನೇ ಅರ್ಧ ಕೊಟ್ಟರಾಯಿತಲ್ಲ, ಎಂದುಕೊಂಡಳು. ಕೇಳಿದರೆ ಒಳ್ಳೆಯ ಮಾತೇ. ಆದರೆ ನಮಗೆ ನಾವು ಹೇಳಿಕೊಳ್ಳುವ ಒಳ್ಳೆಯ ಮಾತುಗಳ ಅಡಿಯಲ್ಲಿ ಏನೇನು ಬಚ್ಚಿಟ್ಟುಕೊಂಡಿರುತ್ತದೋ ಯಾರು ಕಂಡರು. ಮನೆಗೆ ಬಂದು, ಹಣದಲ್ಲಿ ಅರ್ಧ ಚಿಕ್ಕಿಯ ಕೈಗಿಟ್ಟು, "ನಿಂದು ಯಾಕೋ ಬರ್ಲಿಲ್ವಂತೆ ಕಣೇ, ಇದನ್ನ ಇಟ್ಕೋ" ಎಂದಳು. ಚಿಕ್ಕಿಯ ಕಣ್ಣು ತುಂಬಿಕೊಂಡಿತು. ಆ ತುಂಬಿದ ಕಣ್ಣು ನೋಡಿ ಇಸ್ತ್ರಿಯಕ್ಕನಿಗೆ ಸುಖವಾಯಿತು. ಅದೇ ಮೊದಲ ತಪ್ಪು.

ಹಣ ಒಳ್ಳೆಯದನ್ನೇ ಮಾಡಿತು, ಅದನ್ನು ದೂರಿದರೆ ಬಾಯಿಗೆ ಹುಳ ಬಿದ್ದೀತು. ಮೂಟೆ ಹೊತ್ತು ಸೊಂಟ ಹಿಡಿದುಕೊಂಡಿದ್ದ ಇಸ್ತ್ರಿಯಕ್ಕನ ಗಂಡ ವೈದ್ಯರ ಬಳಿಗೆ ಹೋಗಿ ನೆಟ್ಟಗಾದ. ಓದು ಬಿಟ್ಟು ತಾಯಿಯ ಜೊತೆ ಲಾಂಡ್ರಿಗೆ ಬರುತ್ತಿದ್ದ ಮಗಳು ನರ್ಸಿಂಗ್ ಓದಲು ಸೇರಿದಳು. ಇಸ್ತ್ರಿಯಕ್ಕನೂ ಹೆಚ್ಚುವರಿ ಪಾಳಿ ಬಿಟ್ಟಳು. ಮೊಣಕೈ ತನಕ ಹೊಸ ಸುಟ್ಟ ಕಲೆಗಳು ಏಳುವುದು ನಿಂತಿತು. ಹಣ ಕೊಟ್ಟವರು ಏನು ಮಾಡಿದೆ, ಯಾಕೆ ಮಾಡಿದೆ ಎಂದು ಅವಳನ್ನು ಒಂದು ದಿನವೂ ಕೇಳಲಿಲ್ಲ. ತನ್ನನ್ನು ಯಾರೋ ನಂಬಿದ್ದಾರೆಂಬುದೇ ಅವಳ ಬೆನ್ನನ್ನು ನೇರ ಮಾಡಿತ್ತು.

ಚಿಕ್ಕಿಗೆ ಕೊಡುವ ಅರ್ಧ ಮಾತ್ರ ಮಗಳ ಫೀಸು ಬಂದ ತಿಂಗಳು ಕಾಲು ಭಾಗವಾಯಿತು, ಆಮೇಲೂ ಕಾಲು ಭಾಗವಾಗಿಯೇ ಉಳಿಯಿತು. ಅಷ್ಟು ಕೊಟ್ಟಿದ್ದಕ್ಕೇ "ವಾರಗಿತ್ತಿಗೆ ಯಾರು ಕೊಡ್ತಾರೆ ಈ ಕಾಲದಲ್ಲಿ, ನಿನ್ನದು ದೊಡ್ಡ ಮನಸ್ಸು" ಎಂದು ಟೈಲರ್ ಹೊಗಳಿದ. ಇಸ್ತ್ರಿಯಕ್ಕ ಅಲ್ಲಗಳೆಯಲಿಲ್ಲ. ಬರಬರುತ್ತಾ ಕೊಡುವಾಗ ಒಂದು ಮಾತು ಸೇರಿಸತೊಡಗಿದಳು: ಮಗುವಿಗೆ ಹಾಲು ತಗೋ, ಸುಮ್ಮನೆ ಕಳೀಬೇಡ. ಚಿಕ್ಕಿ ತಲೆಯಾಡಿಸುವಳು. ಮೊದಲೆಲ್ಲ "ಹೋಗೇ ಅಕ್ಕ, ನಿಂಗೇನ್ ಗೊತ್ತು" ಎಂದು ಮೇಲೆ ಬೀಳುತ್ತಿದ್ದವಳು ಈಗ "ಆಯ್ತು ಅಕ್ಕ, ನೀವು ಹೇಳಿದ ಹಾಗೆ" ಎನ್ನುತ್ತಿದ್ದಳು. ನೀನು ಹೋಗಿ ನೀವು ಬಂದದ್ದು ಇಸ್ತ್ರಿಯಕ್ಕನಿಗೆ ಕೇಳಿಸಿತ್ತು. ಮರ್ಯಾದೆ ಹೆಚ್ಚಿತೆಂದುಕೊಂಡಳು.

ಒಂದು ಭಾನುವಾರ ಚಿಕ್ಕಿ, ಹಳೆಯ ಸಾಮಾನಿನ ಅಂಗಡಿಯಿಂದ ಆಳೆತ್ತರದ ಕನ್ನಡಿಯೊಂದನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿದಳು. ಒಂದು ಮೂಲೆಯಲ್ಲಿ ಪಾದರಸದ ಲೇಪ ಎದ್ದಿತ್ತು, ಅಷ್ಟು ಬಿಟ್ಟರೆ ಚೆನ್ನಾಗಿತ್ತು. ಗೋಡೆಗೆ ಒರಗಿಸಿ, ಅಡಿಯಿಂದ ಮುಡಿಯವರೆಗೆ ತನ್ನನ್ನು ನೋಡಿಕೊಂಡು, ಸೆರಗು ಸರಿಮಾಡಿ, ನಕ್ಕಳು. ಮಗು ಕನ್ನಡಿಯೊಳಗಿನ ಮಗುವಿಗೆ ಮುತ್ತು ಕೊಟ್ಟು ಗಾಜೆಲ್ಲ ಎಂಜಲು ಮಾಡಿತು.

"ಇದ್ಯಾಕೆ?" ಎಂದಳು ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯಕ್ಕ.

"ಸುಮ್ನೆ ಅಕ್ಕ. ನಾನು ಪೂರ್ತಿ ಹೇಗ್ ಕಾಣ್ತೀನಿ ಅಂತ ನೋಡೇ ಇರ್ಲಿಲ್ಲ."

"ನನ್ನ ದುಡ್ಡಲ್ಲಿ ಕನ್ನಡಿನಾ?"

ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಬಾಯಿ ದಾಟಿಯಾಗಿತ್ತು. ಇಷ್ಟು ದಿನ ಎಲ್ಲಿತ್ತೋ ಆ 'ನನ್ನ', ತುದಿಗಾಲಲ್ಲಿ ಕಾದಿದ್ದಂತೆ ಹೊರಗೆ ಬಂತು. ಚಿಕ್ಕಿ ಜಗಳವಾಡಿದ್ದರೆ ಒಳ್ಳೆಯದಿತ್ತು. ಎರಡು ಮಾತು ಅವಳು, ನಾಲ್ಕು ಮಾತು ಇವಳು, ಮೂರನೆಯ ದಿನ ಉಪ್ಪು ಹೆಚ್ಚಾಗಿ ಎಲ್ಲ ಸರಿಹೋಗುತ್ತಿತ್ತು. ಚಿಕ್ಕಿ ಸೆರಗಿನಿಂದ ಗಾಜಿನ ಮೇಲಿನ ಎಂಜಲು ಒರೆಸಿದಳು, ಅಷ್ಟೇ. ಮುಂದಿನ ತಿಂಗಳು ಇಸ್ತ್ರಿಯಕ್ಕ ಕೊಡಲು ಹೋದಾಗ ಕೈ ಚಾಚಲಿಲ್ಲ. "ಈ ಸಲ ಬೇಡ ಅಕ್ಕ" ಎಂದಳು, ಮೆತ್ತಗೆ.

ಆಮೇಲೆ ಒಂದು ದಿನ ಇಸ್ತ್ರಿಯಕ್ಕ ಲಾಂಡ್ರಿಯಿಂದ ಬರುವಾಗ ಚಿಕ್ಕಿಯ ಕೋಣೆಯಿಂದ ಸೀಮೆಎಣ್ಣೆಯ ವಾಸನೆ. ಮೂಲೆಯಲ್ಲಿ ಹೊಸ ಸ್ಟೌ, ಎರಡು ಪಾತ್ರೆ, ಒಂದು ಸೌಟು. ಚಿಕ್ಕಿ ಕುಕ್ಕರಗಾಲಲ್ಲಿ ಕೂತು ಬತ್ತಿ ಏರಿಸುತ್ತಿದ್ದಳು.

ಇಸ್ತ್ರಿಯಕ್ಕ ಬಾಗಿಲಲ್ಲೇ ನಿಂತಳು. ಈಗಲೂ ಹೇಳದಿದ್ದರೆ ಇನ್ನು ಹೇಳುವ ದಿನ ಬರುವುದಿಲ್ಲವೆಂದು ತಿಳಿಯಿತು. ಚೌಕಟ್ಟು ಹಿಡಿದುಕೊಂಡೇ ಒಂದೇ ಉಸಿರಿಗೆ ಹೇಳಿದಳು: "ಚಿಕ್ಕಿ, ನನ್ನಿಂದ ತಪ್ಪಾಯ್ತು ಕಣೇ. ಅದು ನನ್ನ ದುಡ್ಡಾಗಿರ್ಲಿಲ್ಲ. ಒಂದೇ ಒಲೆ ಅಂತ ನಾನು ಬರೆಸಿದ್ದಕ್ಕೆ ನಿಂದು ಬರ್ಲಿಲ್ಲ. ಒಲೆ ಬೇರೆ ಮಾಡಿದ್ರೆ ನಿಂಗೂ ಬರುತ್ತೆ ಅಂತ ಕಚೇರೀಲಿ ಹೇಳಿದ್ರು. ನಾನು ಹೇಳ್ಲೇ ಇಲ್ಲ."

ಚಿಕ್ಕಿ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗೂ ಇರಲಿಲ್ಲ.

"ಗೊತ್ತಿತ್ತು ಅಕ್ಕ."

"ಯಾವಾಗಿಂದ?"

"ಮೊದಲ ತಿಂಗಳಿಂದನೇ. ಥಿಯೇಟರಲ್ಲಿ ನನ್ನ ಜೊತೆ ಗುಡಿಸೋಳು ಕಚೇರಿಗೆ ಹೋಗ್ತಿದ್ಲು, ನಾನೂ ಹೋಗಿದ್ದೆ. ಒಲೆ ಬೇರೆ ಮಾಡ್ಕೊಂಡು ಬಾ, ಬರ್ಕೋತೀವಿ ಅಂದ್ರು." ಬತ್ತಿ ಹೊಗೆಯಾಡಿತು, ಅವಳು ತಗ್ಗಿಸಿದಳು. "ನಾನೇ ಬೇಡ ಅಂದು ಬಂದೆ. ದುಡ್ಡಿಗೋಸ್ಕರ ನಿಮ್ಮಿಂದ ಬೇರೆ ಆಗೋಕೆ ಮನಸ್ಸು ಬರ್ಲಿಲ್ಲ."

ಇಸ್ತ್ರಿಯಕ್ಕನಿಗೆ ಈಗ ಲೆಕ್ಕ ತಿಳಿಯಿತು. ತಾನು ಕೊಡುತ್ತಿದ್ದೇನೆಂದು ಬೀಗಿದ ಅಷ್ಟೂ ತಿಂಗಳು ಕೊಟ್ಟವಳು ಇವಳು. ಇದ್ದ ಹಕ್ಕನ್ನು ಒಲೆಗಾಗಿ ಬಿಟ್ಟುಕೊಟ್ಟು, ಮೇಲಿಂದ ಬುದ್ಧಿಮಾತನ್ನೂ ಕೇಳಿಸಿಕೊಂಡು, ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

"ಈ ಸ್ಟೌ ವಾಪಸ್ ಕೊಟ್ಬಿಡೇ" ಎಂದಳು. "ಇನ್ಮೇಲೆ ಅರ್ಧಕ್ಕೆ ಅರ್ಧ. ಏನ್ ಬೇಕಾದ್ರೂ ತಗೋ, ನಾನು ಕೇಳಿದ್ರೆ ನನ್ನ ಬಾಯಿಗೆ ಹೊಡಿ."

"ಬರೆಸಿ ಬಂದೆ ಅಕ್ಕ, ಇವತ್ತು" ಎಂದಳು ಚಿಕ್ಕಿ.

ಹೊಸ ಸ್ಟೌ ನೀಲಿಯಾಗಿ, ಹಟವಿಲ್ಲದೆ ಉರಿಯತೊಡಗಿತು. ಚಿಕ್ಕಿ ಎದ್ದು, ಮಂಚದ ಮೇಲಿದ್ದ ಮಗುವಿನ ಬಟ್ಟೆಗಳನ್ನು ಸರಸರನೆ ಒಂದು ಬದಿಗೆ ಸರಿಸಿ, ಜಾಗ ಮಾಡಿ, ಅಂಗೈಯಿಂದ ಹಾಸಿಗೆಯ ಧೂಳು ಕೊಡವಿದಳು. ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ಹಾಗೆ ಮಾಡುತ್ತಿದ್ದಳು.

"ಯಾಕೆ ಬಾಗಿಲಲ್ಲೇ ನಿಂತ್ರಿ? ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದಳು. "ಟೀ ಮಾಡ್ತೀನಿ. ಸಕ್ಕರೆ ಎಷ್ಟು ಹಾಕ್ಲಿ?"

ಇಸ್ತ್ರಿಯಕ್ಕ ಒಳಗೆ ಬಂದು ಮಂಚದ ಅಂಚಿನಲ್ಲಿ ಕುಳಿತಳು.