ಟವೆಲಿನಡಿ ಕುದುರದ ಬೆಲೆ

ನಾನು ಒಂದು ಕಾರು. ಬಿಳಿ ಬಣ್ಣ, ಡೀಸೆಲ್ ಎಂಜಿನ್, ಐದು ಜನ ಕೂರಬಹುದು. ಮದುವೆಯ ದಿನಗಳಲ್ಲಿ ಒಂಬತ್ತು ಜನ ಕೂತದ್ದೂ ಇದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಜಾಹೀರಾತಾಗುತ್ತದೆ, ಅದಕ್ಕೆ ಅವರು ನನಗೇನೂ ಕೊಡುವುದಿಲ್ಲ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ತಗಡು ಅಚ್ಚಿಗೆ ಬಿತ್ತು, ಬಾಗಿಲಾಯಿತು. ಕಿಡಿ ಹಾರಿತು, ಮೈ ಕೂಡಿಕೊಂಡಿತು. ಕೊನೆಗೆ ಒಬ್ಬ ಹೆಂಗಸು ನನ್ನ ಸುತ್ತ ನಡೆದು, ಕೈಗವಸಿನ ಬೆರಳನ್ನು ಬಾಗಿಲಿನ ಅಂಚಿನಲ್ಲಿ ಓಡಿಸಿ, ಗಾಜಿನ ಮೇಲೆ ಚೀಟಿ ಅಂಟಿಸಿದಳು. ಪಾಸು. ನನ್ನ ಹಿಂದೆ ಬಂದವನನ್ನು ಪಕ್ಕಕ್ಕೆ ತಳ್ಳಿದರು. ಅವನಿಗೆ ಎಲ್ಲೋ ಬಣ್ಣ ಸರಿ ಹಿಡಿದಿರಲಿಲ್ಲ. ಆವತ್ತಿನಿಂದ ನನಗೆ ಸ್ವಲ್ಪ ಜಂಬ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಎಂದೂ ಕಂಡಿಲ್ಲ.

ಹುಬ್ಬಳ್ಳಿಯ ಷೋರೂಮಿಗೆ ನನ್ನನ್ನು ಕೊಳ್ಳಲು ಬಂದವರು ಕೊಟ್ರಬಸಪ್ಪ ಸಾವಕಾರರು. ಬ್ಯಾಡಗಿಯ ಒಣಮೆಣಸಿನಕಾಯಿ ವ್ಯಾಪಾರಿ. ಬಿಳಿ ಧೋತರ, ತಲೆಗೆ ಪೇಟ, ಹೆಗಲ ಮೇಲೆ ಟವೆಲು. ಅವರು ಕಲಿತ ವ್ಯಾಪಾರ ಹಳೆಯ ಪದ್ಧತಿಯದು. ಇಬ್ಬರ ಕೈಗಳ ಮೇಲೆ ಟವೆಲು ಹೊದಿಸಿ, ಅದರೊಳಗೆ ಬೆರಳು ಹಿಡಿದು ಬೆಲೆ ಹೇಳುವುದು. ಬಾಯಿ ಮಳೆ ಬೆಳೆಯ ಮಾತಾಡುತ್ತಿರುತ್ತದೆ, ಬೆಲೆಯ ಮಾತೆಲ್ಲ ಬೆರಳಿನದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಇಳಿದವನು ಎಷ್ಟು ಇಳಿದ ಎಂಬುದು ಅವನ ಮತ್ತು ಎದುರಿನವನ ನಡುವೆಯೇ ಉಳಿಯುತ್ತದೆ.

ಸಾವಕಾರರು ಷೋರೂಮಿನ ಟೈ ಕಟ್ಟಿದ ಯುವಕನ ಕೈ ಹಿಡಿದು ಟವೆಲು ಹೊದಿಸಿಬಿಟ್ಟರು. ಅವನು ಹೌಹಾರಿದ.

“ಸರ್, ಏನ್ ಮಾಡ್ತಿದೀರಾ?”

“ರೇಟ್ ಹೇಳಾಕತ್ತೀನಿ. ಬೆರಳು ಹಿಡಿ.”

“ಸರ್, ಇಲ್ಲಿ ಫಿಕ್ಸೆಡ್ ರೇಟ್.”

“ಫಿಕ್ಸ್ ಇರೂದು ಸಾವು ಒಂದ ತಮ್ಮಾ. ಉಳದದ್ದೆಲ್ಲಾ ವ್ಯಾಪಾರ.”

ಬೆಲೆ ಇಳಿಯಲಿಲ್ಲ. ಸೀಟಿನ ಕವರು, ಕಾಲಡಿಯ ಮ್ಯಾಟು, ಗೋಡೆಯ ಮೇಲಿದ್ದ ಕ್ಯಾಲೆಂಡರು ಸಾವಕಾರರಿಗೆ ದಕ್ಕಿದವು. ನಾನು ಪೂರ್ತಿ ಬೆಲೆಗೆ, ನಾಲ್ಕೂವರೆ ಲಕ್ಷಕ್ಕೆ, ಮಾರಾಟವಾದೆ. ಹೆಮ್ಮೆಪಡಲು ಇದೂ ಒಂದು ಕಾರಣ.

ನನ್ನನ್ನು ಓಡಿಸಿದವನು ಫಕ್ಕೀರೇಶ, ಸಾವಕಾರರ ಡ್ರೈವರ್. ಒಡೆಯರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ. ಕಾರಿಗೆ ಗೊತ್ತಿರುವುದು ಅವರ ತೂಕ ಮತ್ತು ಗೊರಕೆ. ಡ್ರೈವರನ ವಿಷಯ ಹಾಗಲ್ಲ. ಅವನ ಎಡಗಾಲು, ಬಲಗಾಲು, ಸಿಟ್ಟು, ಹಸಿವು ಎಲ್ಲ ನಮಗೆ ತಿಳಿಯುತ್ತದೆ. ಫಕ್ಕೀರೇಶ ಕ್ಲಚ್ಚನ್ನು ಮೊಸರಿನ ಮೇಲೆ ಕಾಲಿಟ್ಟಂತೆ ಒತ್ತುತ್ತಿದ್ದ. ಬಸ್‌ಸ್ಟ್ಯಾಂಡಿನ ಬಳಿ ಬಾಡಿಗೆ ಕಾರಿನವರ ಮುಂದೆ ನಿಲ್ಲಿಸಿ, “ನಿಮ್ಮವು ಗಾಡಿ ಅಲ್ರಲೇ, ಡಬ್ಬಿ. ಗಾಡಿ ಅಂದ್ರ ಇದು” ಅನ್ನುತ್ತಿದ್ದ. ಅವನದ್ದಲ್ಲದ ಕಾರಿನ ಬಗ್ಗೆ ಅವನಿಗೆ ಅಷ್ಟು ಸೊಕ್ಕು. ನನಗೂ ಅದು ಬೇಕಿತ್ತು.

ಸಾವಕಾರರ ಕೆಲಸ ಎಂದರೆ ಮೆಣಸಿನಕಾಯಿಯ ಮಾದರಿ ಚೀಲಗಳು. ಡಿಕ್ಕಿಯಲ್ಲಿ ತುಂಬಿ ಮಿಕ್ಕದ್ದನ್ನು ಹಿಂದಿನ ಸೀಟಿನ ಮೇಲೆ ಇಡುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೇ ಅದಕ್ಕೆ ಬೆಲೆ. ಆದರೆ ನಾನು ಹೊತ್ತದ್ದೆಲ್ಲ ಬ್ಯಾಡಗಿ ಕಾಯಿ ಆಗಿರಲಿಲ್ಲ. ರಾಜ್ಯದಾಚೆಯ ಅಗ್ಗದ, ಉರಿಖಾರದ ಕಾಯಿಯೂ ಬರುತ್ತಿತ್ತು. ಅದು ಯಾವ ರಾಶಿಗೆ ಸೇರುತ್ತಿತ್ತು ಎಂದು ನಾನು ನೋಡಿಲ್ಲ. ಗೋದಾಮಿನ ಒಳಗೆ ಕಾರನ್ನು ಬಿಡುವುದಿಲ್ಲ. ಅದರ ಪುಡಿ ಮಾತ್ರ ನನ್ನ ಫ್ಯಾನಿನ ಸಂದುಗಳಲ್ಲಿ ಕೂತುಬಿಟ್ಟಿತು. ಫಕ್ಕೀರೇಶ ಯಾರನ್ನೂ ಕೂರಿಸುವ ಮೊದಲು ನಾಲ್ಕೂ ಬಾಗಿಲು ತೆರೆದು, ಫ್ಯಾನನ್ನು ಜೋರಾಗಿ ತಿರುಗಿಸಿ, ಘಾಟನ್ನು ಹೊರಗೆ ಕಳಿಸುತ್ತಿದ್ದ. ಸಾವಕಾರರ ಮನೆಯವರು ನನ್ನೊಳಗೆ ಒಂದು ಸಲವೂ ಸೀನಲಿಲ್ಲ. ಅದು ಕಾರಿನ ಗುಣವೆಂದು ಅವರು ತಿಳಿದಿದ್ದರು.

ಹೀಗಿರುವಾಗ ಸಾವಕಾರರು ದೊಡ್ಡ ಕಾರು ಕೊಂಡರು. ಅದನ್ನು ಓಡಿಸಲು ಮಗನೇ ಮುಂದೆ ಬಂದ. ನಾನೂ ಬೇಡವಾದೆ, ಫಕ್ಕೀರೇಶನೂ ಬೇಡವಾದ. ನನ್ನನ್ನು ಅವನೇ ಕೊಂಡರೆ ಹಳದಿ ಬೋರ್ಡು ಹಾಕಿಸಿ ಬಾಡಿಗೆ ಹೊಡೆದು ಬದುಕುತ್ತಾನೆ. ಬೇರೆಯವರು ಕೊಂಡರೆ ಅವನಿಗೆ ಕೆಲಸವೂ ಇಲ್ಲ, ಗಾಡಿಯೂ ಇಲ್ಲ. ಅವನ ಹತ್ತಿರ ಇದ್ದದ್ದು ಒಂದೂವರೆ ಲಕ್ಷ. ಬೋರ್ಡಿನ ಖರ್ಚೂ ಅದರಲ್ಲೇ ಬರಬೇಕು.

ಮೊದಲು ಬಂದವನು ಹುಬ್ಬಳ್ಳಿಯ ಗಾಡಿ ದಲ್ಲಾಳಿ ಚವ್ಹಾಣ. ಅವನು ಬರುತ್ತಾನೆಂದು ಗೊತ್ತಿದ್ದೂ ಫಕ್ಕೀರೇಶ ಬೆಳಗ್ಗೆಯೇ ನನ್ನನ್ನು ತೊಳೆದು, ಒರೆಸಿ, ಘಾಟು ಹೊರಗೆ ಹಾಕಿ, ಮದುವಣಗಿತ್ತಿಯಂತೆ ನಿಲ್ಲಿಸಿದ. ನಿಲ್ಲಿಸಿದ ಮೇಲೆ ತಾನು ಮಾಡಿದ್ದೇನೆಂದು ಹೊಳೆದು ಹಣೆ ಬಡಿದುಕೊಂಡ. ಚವ್ಹಾಣ ಒಳಗೆ ಕೂತ, ಸೀನಲಿಲ್ಲ, ಮೆಚ್ಚಿದ. ಆಮೇಲೆ ಅವನ ಮತ್ತು ಸಾವಕಾರರ ಕೈಗಳು ನನ್ನ ಬಾನೆಟ್ಟಿನ ಮೇಲೆಯೇ ಟವೆಲಿನಡಿ ಸೇರಿದವು. ಬೆರಳಿನ ಮಾತು ನನ್ನ ತಗಡಿಗೆ ತಾಗುತ್ತಿತ್ತು. ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ ನಿಂತಿತು. ಸಂಜೆ ದುಡ್ಡು ತರುತ್ತೇನೆಂದು ಚವ್ಹಾಣ ಹೋದ.

ಫಕ್ಕೀರೇಶ ಮುಂದೆ ಬಂದು, “ಸಾವಕಾರ್ರ, ನನಗ ಕೊಡ್ರಿ” ಅಂದ.

“ಬಾ, ಕೈ ಕೊಡು.”

ಕೈ ಕೊಟ್ಟ. ಆದರೆ ಉಂಡ ಮನೆಯ ಒಡೆಯರ ಬೆರಳನ್ನು ಮಡಿಸಿ ಬೆಲೆ ಇಳಿಸುವುದು ಅವನಿಗೆ ಆಗಲಿಲ್ಲ. ಸಾವಕಾರರು ಒತ್ತಿದರು, ಅವನ ಕೈ ಒದ್ದೆ ಬಟ್ಟೆಯಂತೆ ಸುಮ್ಮನೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಕೈ ಎಳೆದುಕೊಂಡು ಹೊರಟುಹೋದ. ನನಗೆ ಅವನ ಮೇಲೆ ಸಿಟ್ಟು ಬಂತು.

ಮಧ್ಯಾಹ್ನ ಅವನು ಹೆಂಡತಿಯ ಜೊತೆ ಬಂದ. ಹೊಳಿಯವ್ವ ಮನೆಮನೆಗೆ ಹೋಗಿ ಹಳೆಯ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರದವಳು. ಪಾತ್ರೆಯ ಬುಟ್ಟಿಯನ್ನು ನನ್ನ ಪಕ್ಕದಲ್ಲೇ ಇಳಿಸಿದಳು. ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರು, ಹಮಾಲರು, ಮಾಲು ನೋಡಲು ಬಂದಿದ್ದ ಪರಊರಿನ ಇಬ್ಬರು ಖರೀದಿದಾರರು ಇದ್ದರು.

“ಇಕಿನ್ನ ಯಾಕ್ ಕರಕೊಂಡು ಬಂದಿ ಫಕ್ಕೀರಾ?”

“ವ್ಯಾಪಾರಕ್ಕ ಬಂದೀನ್ರೀ ಸಾವಕಾರ್ರ,” ಹೊಳಿಯವ್ವನೇ ಹೇಳಿದಳು. “ಇವ್ರಿಗೆ ನಿಮ್ಮ ಮುಂದ ಬಾಯಿ ಬರೂದಿಲ್ಲ. ನನಗ ಬರತೈತಿ.”

ಸಾವಕಾರರ ಕೈ ಅಭ್ಯಾಸದಂತೆ ಟವೆಲಿಗೆ ಹೋಯಿತು. ಅರ್ಧದಲ್ಲಿ ನಿಂತಿತು. ಇನ್ನೊಬ್ಬನ ಹೆಂಡತಿಯ ಕೈ ಹಿಡಿದು ಟವೆಲು ಹೊದಿಸುವುದುಂಟೆ? ಟವೆಲು ಹೆಗಲಿಗೆ ಮರಳಿತು. ತೊಟ್ಟು ಬಿಡಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

“ಹಂಗಾರ ಬಾಯೀಲೆ ಹೇಳವ್ವಾ.”

“ಮತ್ತ? ಬಾಯಿ ಇರೂದು ಉಣ್ಣಾಕಷ್ಟ ಏನ್ರೀ?”

ಅವಳು ನನ್ನ ಸುತ್ತ ಒಂದು ಸುತ್ತು ಬಂದಳು. ಹಳೆಯ ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುವ ಕಣ್ಣು ಅದು.

“ಬಾಗಲದ ಅಂಚಿಗೆ ತುಕ್ಕು ಹತ್ತೈತಿ ನೋಡ್ರಿ.”

“ಏ, ಅದು ತುಕ್ಕಲ್ಲ, ಕೆಮ್ಮಣ್ಣು,” ಅಂದ ಫಕ್ಕೀರೇಶ. ಹೆಗಲ ಬಟ್ಟೆಯಿಂದ ಒರೆಸಿಯೂ ತೋರಿಸಿದ.

“ಗಾಲಿ ಸವದಾವು.”

“ಹೋದ ದೀಪಾವಳಿಗೆ ಹಾಕಸೀನಲ್ಲ, ಎಲ್ಲಿ ಸವದಾವು?”

ಸಾವಕಾರರು ಹೊಟ್ಟೆ ಹಿಡಿದು ನಕ್ಕರು. “ನಿನ್ನ ಗಂಡ ನನ್ನ ಕಡೆ ದಲ್ಲಾಳಿ ಆಗ್ಯಾನವ್ವಾ! ಇವಗ ಕಮಿಷನ್ ಕೊಡಬೇಕು.”

“ಕೊಡ್ರಿ. ರೇಟಿನ್ಯಾಗ ಕಳದು ಕೊಡ್ರಿ.” ಆಮೇಲೆ ಗಂಡನ ಕಡೆ ತಿರುಗಿ, “ನೀವು ಗಾಡಿ ಕಡೆನೋ, ಹೆಂಡ್ತಿ ಕಡೆನೋ?” ಅಂದಳು.

ಫಕ್ಕೀರೇಶ ನನ್ನನ್ನು ನೋಡಿದ. ನನ್ನನ್ನು ಹಳಿಯುತ್ತಿದ್ದ ಆ ಹೆಂಗಸಿನ ಮೇಲೆ ನನಗೆ ಕೋಪ ಬರಬೇಕಿತ್ತು, ಬಂದದ್ದು ನಿಜ. ಆದರೆ ನಾನು ಫಕ್ಕೀರೇಶನ ಬಳಿ ಉಳಿಯಬೇಕಾದರೆ ನನ್ನ ಬೆಲೆ ಬೀಳಬೇಕಿತ್ತು. ಅದು ಗೊತ್ತಿದ್ದೂ, ಗಾಲಿ ಸವೆದಿಲ್ಲ ಎಂದು ಅವನು ಹೇಳಿದಾಗ ನನಗೆ ಖುಷಿಯಾಗಿತ್ತು.

ಸಾವಕಾರರು ಒಂದು ಎಂಬತ್ತು ಅಂದರು. ಹೊಳಿಯವ್ವ ಒಂದು ಮೂವತ್ತು ಅಂದಳು.

“ಏನವ್ವಾ, ಪಾತ್ರಿ ಕೊಟ್ಟು ಹಳೇ ಸೀರಿ ಒಯ್ದಂಗ ಅಂತ ತಿಳದೀಯೇನು?”

“ಹಳೇದು ಹಳೇದ ಅಲ್ರೀ? ಸೀರಿ ಆದ್ರೇನು, ಗಾಡಿ ಆದ್ರೇನು.”

ಹಳೆಯ ಡ್ರೈವರನ ಮುಖ ನೋಡಿ ಒಂದು ಎಪ್ಪತ್ತಕ್ಕೆ ಬಂದು ಸಾವಕಾರರು ಗಟ್ಟಿಯಾಗಿ ನಿಂತರು. ಟವೆಲಿನಡಿಯಾಗಿದ್ದರೆ ಇನ್ನೊಂದು ಬೆರಳು ಸಡಿಲುತ್ತಿತ್ತೋ ಏನೋ. ಇಷ್ಟು ಜನರ ಕಿವಿಗೆ ಬೀಳುವಂತೆ, ಪಾತ್ರೆಯವಳಿಗೆ ಸೋತು ಇಳಿಯಲು ಅವರ ಮೀಸೆ ಒಪ್ಪಲಿಲ್ಲ. ಬಾಯಿಬಿಟ್ಟು ಮಾಡುವ ವ್ಯಾಪಾರದ ಕಷ್ಟವೇ ಅದು. ಹೊಳಿಯವ್ವ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ಏನನ್ನೋ ಯೋಚಿಸಿ ಅದನ್ನು ಅಲ್ಲೇ ಬಿಟ್ಟಳು. ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು.

“ಸಾವಕಾರ್ರ, ನೀವೂ ಬರ್ರಿ. ನಿಮ್ಮ ಗಾಡ್ಯಾಗ ಕಡೀಗೊಮ್ಮೆ ಕುಂದರ್ರಿ. ರೀ, ಫ್ಯಾನ್ ಹಚ್ಚರಿ.”

“ತಡಿ, ಮೊದ್ಲ ಬಾಗಲಾ ತಗೀತೀನಿ...”

“ಬಾಗಲಾ ಹಾಕ್ರಿ. ಹಚ್ಚರಿ.”

ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದ ನನ್ನೊಳಗೆ ಫ್ಯಾನು ತಿರುಗಿತು. ಬೆಳಗಿನ ಗಾಳಿಗೆ ಹೋಗದೆ ಸಂದುಗಳಲ್ಲಿ ಕೂತಿದ್ದೆಲ್ಲ ಎದ್ದಿತು. ಮುಂದಿನ ಸೀಟಿನಲ್ಲಿದ್ದ ಸಾವಕಾರರು ಸೀನಿದರು. ಮತ್ತೆ ಸೀನಿದರು. ಪೇಟ ಮಡಿಲಿಗೆ ಬಿತ್ತು. ಅದನ್ನು ಹಿಡಿದುಕೊಂಡೇ ಬಾಗಿಲು ತಳ್ಳಿ ಹೊರಗೆ ಹಾರಿದರು. ಹಿಂದೆಯೇ ಘಾಟೂ ಹಾರಿತು. ಪಕ್ಕದಲ್ಲಿ ನಿಂತಿದ್ದ ಖರೀದಿದಾರರೂ ಸೀನತೊಡಗಿದರು. ಹೊಳಿಯವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಸಾವಕಾಶವಾಗಿ ಇಳಿದಳು.

“ಇವ್ರ ಅಂಗಿ ಒಗದು ದಿನಾ ನನ್ನ ಕೈ ಉರೀತಾವ್ರೀ. ಬ್ಯಾಡಗಿ ಕಾಯಿ ಇಷ್ಟು ಉರಸ್ತತೇನ್ರೀ?”

ತೊಟ್ಟು ಬಿಡಿಸುತ್ತಿದ್ದ ಕೈಗಳು ನಿಂತವು. ಖರೀದಿದಾರರಲ್ಲೊಬ್ಬ ಮೂಗು ಒರೆಸಿಕೊಳ್ಳುತ್ತ ರಾಶಿಯ ಕಡೆ ನೋಡಿದ. ಸಾವಕಾರರು ಫಕ್ಕೀರೇಶನ ಮೇಲೆ ಎಗರಿದರು.

“ಏನಲೇ, ಏನೈತಿ ಗಾಡ್ಯಾಗ? ನೀನ ಹೇಳು, ಗಾಡಿ ಕೆಟ್ಟೈತಿ ಅಂತ!”

ಅಷ್ಟು ವರ್ಷದಲ್ಲಿ ಫಕ್ಕೀರೇಶ ಅವರ ಮುಖ ನೋಡಿ ಮಾತಾಡಿದ್ದು ನಾನು ಕಂಡದ್ದು ಆಗಲೇ.

“ಗಾಡಿ ಕೆಟ್ಟಿಲ್ರೀ. ನೀವು ಏನ್ ಹೇರಿದ್ರಿ, ಅದನ್ನ ಹೊತ್ತೈತಿ.”

ಆ ಖರೀದಿದಾರ ರಾಶಿಯ ಕಡೆ ಒಂದು ಹೆಜ್ಜೆ ಇಟ್ಟ. ಸಾವಕಾರರು ಪೇಟವನ್ನು ತಲೆಗಿಟ್ಟು ಸರಿಮಾಡಿಕೊಂಡರು. ಚವ್ಹಾಣನ ದುಡ್ಡಿಗಾಗಿ ಸಂಜೆಯವರೆಗೆ ನನ್ನನ್ನು ಅಂಗಳದಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ.

“ಒಂದು ನಲವತ್ತು. ಒಯ್ಯಿರಿ. ಮೊದಲ ಆ ಬಾಗಲಾ ಹಾಕ್ರಿ.”

ಹೊಳಿಯವ್ವ ಮುಂಗಡದ ದುಡ್ಡಿನ ಜೊತೆ ಬುಟ್ಟಿಯಿಂದ ಒಂದು ಸ್ಟೀಲ್ ತಂಬಿಗೆ ತೆಗೆದು ಸಾವಕಾರರ ಕೈಗಿಟ್ಟಳು. ವ್ಯಾಪಾರ ಮುಗಿದ ಮನೆಗೆ ಏನಾದರೂ ಕೊಟ್ಟೇ ಹೊರಡುವುದು ಅವಳ ರೂಢಿ. ಅವರು ಬೇಡವೆನ್ನಲಿಲ್ಲ. ವ್ಯಾಪಾರಿಗಳು ಬಂದದ್ದನ್ನು ಬಿಡುವುದಿಲ್ಲ.

ಹೀಗೆ ನಾನು ಒಂದೇ ಮಧ್ಯಾಹ್ನದಲ್ಲಿ ನಲವತ್ತು ಸಾವಿರ ಅಗ್ಗವಾದೆ. ಅವಮಾನವಾಯಿತೇ ಎಂದು ಕೇಳಬಹುದು. ಇಲ್ಲ. ನನ್ನ ಗುಣ ಕಡಿಮೆಯಾಗಿ ಬೆಲೆ ಇಳಿದಿರಲಿಲ್ಲ. ಕೊಳ್ಳಲು ಬಂದವನೇ ನನ್ನನ್ನು ಹಳಿಯಲು ಒಪ್ಪದ ವ್ಯಾಪಾರ ಎಷ್ಟು ಕಾರುಗಳಿಗೆ ಸಿಕ್ಕಿದೆ?

ಹಳದಿ ಬೋರ್ಡು ಬಂತು. ಸೀಟುಗಳನ್ನು ಬಿಚ್ಚಿ ಹೊಳೆಯ ನೀರಿನಲ್ಲಿ ತೊಳೆದರು. ಆಮೇಲಿನ ವರ್ಷಗಳಲ್ಲಿ ನಾನು ಬಾಣಂತಿಯರನ್ನು ತವರಿಗೆ ಮುಟ್ಟಿಸಿದೆ, ಕ್ರಿಕೆಟ್ ಟೀಮುಗಳನ್ನು ಹೊತ್ತೆ, ಶಿರಸಿಯ ಘಟ್ಟ ಹತ್ತಿದೆ. ಒಂದು ಸಲ ಸಾವಕಾರರ ದೊಡ್ಡ ಕಾರು ಮೋಟೆಬೆನ್ನೂರಿನ ಬಳಿ ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆದು ತಂದವನೂ ನಾನೇ. ಫಕ್ಕೀರೇಶ ಬಾಡಿಗೆ ಕೇಳಲಿಲ್ಲ. ಹೊಳಿಯವ್ವ ಮರುದಿನ ಹೋಗಿ ಕೇಳಿದಳು.

ಈಗ ನಾನು ಓಡುವುದಿಲ್ಲ. ಅವರ ಮನೆಯ ಹಿಂದೆ ನಿಂತಿದ್ದೇನೆ. ಡಿಕ್ಕಿಯಲ್ಲಿ ಅವಳ ಪಾತ್ರೆಗಳು, ಸೀಟಿನ ಮೇಲೆ ಗಂಟು ಕಟ್ಟಿದ ಸೀರೆಗಳು. ಗೋದಾಮಾಗಿ ನನ್ನ ಕೆಲಸ ಚೆನ್ನಾಗಿಯೇ ಇದೆ. ಒಂದು ಹನಿ ನೀರು ಒಳಗೆ ಬಿಟ್ಟಿಲ್ಲ.

ಮೊನ್ನೆ ಗುಜರಿಯವನೊಬ್ಬ ಬಂದು ಬಾನೆಟ್ ಎತ್ತಿ ನೋಡಿದ. “ಎಂಜಿನ್ ಸತ್ತೈತಿ. ತೂಕದ ಲೆಕ್ಕಕ್ಕ ಒಯ್ತೀನಿ” ಅಂದ. “ಸತ್ತಿಲ್ಲೋ, ಸುಮ್ನ ಐತಿ” ಅಂದ ಫಕ್ಕೀರೇಶ. ಅವನ ಕೂದಲು ನನ್ನ ಬಣ್ಣಕ್ಕೆ ಬಂದಿದೆ, ಅಭ್ಯಾಸ ಬದಲಾಗಿಲ್ಲ. ಹೊಳಿಯವ್ವ ಒಳಗಿನಿಂದ ಬಂದು ಬೆಲೆ ಹೇಳಿದಳು.

“ಐದು ಲಕ್ಷ.”

“ಯವ್ವಾ, ನಿನಗ ಮಾರೂ ಮನಸ್ಸೈತೋ ಇಲ್ಲೋ?”

“ಐತೆಪ್ಪಾ, ಯಾಕಿಲ್ಲ? ರೊಕ್ಕ ತಗೊಂಡು ಬಾ.”

ಅವನು ಬೈದುಕೊಳ್ಳುತ್ತ ಸೈಕಲ್ ಹತ್ತಿದ. ಹೊಳಿಯವ್ವ ಡಿಕ್ಕಿ ತೆಗೆದು, ತನಗೆ ಬೇಕಾದ ಎರಡು ಕೊಳಗ ಎತ್ತಿಕೊಂಡು, ಮುಚ್ಚಿ ಹೋದಳು. ಅವಳಿಗೆ ವ್ಯಾಪಾರ ಕುದುರಿಸಲು ಬರುತ್ತದೆ, ಕೆಡಿಸಲೂ ಬರುತ್ತದೆ.

ಐದು ಲಕ್ಷ. ಇವತ್ತಿನವರೆಗೆ ಯಾರೂ ನನಗೆ ಅಷ್ಟು ಬೆಲೆ ಕಟ್ಟಿರಲಿಲ್ಲ.