ಮಾವನ ಕುದುರೆ

ನಮ್ಮ ಗಡಿಯಾರ ರಿಪೇರಿ ಅಂಗಡಿಯ ಗಾಜಿನ ಬೀರುವಿನ ಮೇಲೆ ಮಾವ ಒಂದು ಚದುರಂಗದ ಮಣೆ ಇಟ್ಟಿದ್ದರು. ಹನ್ನೆರಡು ಕಾಯಿ, ಪಕ್ಕದಲ್ಲೊಂದು ಚೀಟಿ: ‘ಬಿಳಿಯ ಆಟ. ನಾಲ್ಕೇ ನಡೆಯಲ್ಲಿ ಕರಿ ರಾಜನಿಗೆ ಮೇಟ್.’ ಬಂದವರೆಲ್ಲ ತಲೆ ಕೆರೆದುಕೊಂಡು ಹೋದರು. ಎದುರಂಗಡಿಯ ದರ್ಜಿಯಣ್ಣನಂತೂ ಇಪ್ಪತ್ತು ವರ್ಷದಿಂದ ದಿನಾ ಬಂದು ನೋಡುತ್ತಾರೆ. ಉತ್ತರ ಹೇಳದೆಯೇ ಮಾವ ತೀರಿಕೊಂಡರು.

ಮೊನ್ನೆ ಭಾನುವಾರ ನಾದಿನಿ ಲ್ಯಾಪ್‌ಟಾಪ್ ತಂದಳು. ಶಾಲೆಯಲ್ಲಿ ಗಣಿತ ಹೇಳುವವಳು. ಚದುರಂಗ ಬಿಡಿಸುವ ಪ್ರೋಗ್ರಾಂ ಹಾಕಿಕೊಂಡಿದ್ದಳು. ಕಾಯಿಗಳನ್ನು ಮಣೆಯಲ್ಲಿದ್ದಂತೆಯೇ ತೆರೆಯ ಮೇಲೆ ಜೋಡಿಸಿದಳು. ಉತ್ತರ ಬಂದೇಬಿಟ್ಟಿತು: ನಾಲ್ಕು ನಡೆಯಲ್ಲಿ ಸಾಧ್ಯವೇ ಇಲ್ಲ.

“ಅಂದ್ರೆ ಅಪ್ಪ ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ರಾ?” ಯಜಮಾನರ ಮುಖ ಸಪ್ಪಗಾಯಿತು. ಮಣೆ ತೆಗೆಯಲು ಕೈ ಹಾಕಿದರು.

“ಇದನ್ನ ಯಾರಾದ್ರೂ ಮುಟ್ಟಿದ್ರಾ?” ನಾದಿನಿ ಸುಮ್ಮನೆ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಹೌಹಾರಿದೆ.

“ರೀ, ತೆಗೀಬೇಡಿ. ಹೋದ ವರ್ಷ ಜೇಡರ ಬಲೆ ತೆಗೆಯೋವಾಗ ಪೊರಕೆ ತಾಗಿ ಎಲ್ಲಾ ಕಾಯಿ ಬಿದ್ದುಹೋದ್ವು. ನೆನಪಿದ್ದ ಹಾಗೆ ಜೋಡಿಸಿದೆ. ಬಿಳಿ ಕುದುರೆದು ಮಾತ್ರ ಅನುಮಾನ.”

ಸತ್ತವರ ಮಾನ ಕಳೆದೆನಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ನಾದಿನಿ ಬಿದ್ದು ಬಿದ್ದು ನಕ್ಕಳು.

“ಅಯ್ಯೋ ಅತ್ತಿಗೆ, ಮೊದಲೇ ಬಾಯಿ ಬಿಡೋದಲ್ವಾ! ಖಾಲಿ ಇರೋ ಮನೇಲೆಲ್ಲ ಕುದುರೆ ಕೂರಿಸಿ ನೋಡೋಣ.”

ಐವತ್ತೆರಡು ಖಾಲಿ ಮನೆ. ಮೂಲೆಯಿಂದ ಶುರುಮಾಡಿದೆವು. ಇಲ್ಲ, ಇಲ್ಲ, ಇಲ್ಲ ಎನ್ನುತ್ತಲೇ ಇದ್ದ ಯಂತ್ರ ಮೂವತ್ತೇಳನೆಯದಕ್ಕೆ ಹೂಂ ಎಂದಿತು. ನೋಡಿದರೆ ನಾನಿಟ್ಟ ಜಾಗಕ್ಕೆ ಒಂದೇ ಮನೆ ಆಚೆ! ಮಿಕ್ಕವನ್ನೂ ನೋಡಿದೆವು, ಬೇರೆಲ್ಲೂ ಆಗಲಿಲ್ಲ. ಮೊದಲ ನಡೆಯಲ್ಲೇ ಬಿಳಿ ಮಂತ್ರಿಯನ್ನು ಬಲಿ ಕೊಡಬೇಕಂತೆ.

“ಕಳ್ಳ ಅಪ್ಪ,” ಎಂದು ಯಜಮಾನರು ಕಣ್ಣೊರೆಸಿಕೊಂಡು ನಕ್ಕರು. ಆದರೂ ಮಾವ ಇಟ್ಟಿದ್ದು ಅಲ್ಲೇ ಎಂದು ಹೇಳುವವರು ಯಾರು? ನನಗೆ ಆ ಅಳುಕು ಹೋಗಲಿಲ್ಲ.

ಮರುದಿನ ದರ್ಜಿಯಣ್ಣ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು.

“ಅಬ್ಬಾ, ಕುದುರೆ ತನ್ನ ಮನೆಗೆ ಬಂತಲ್ಲಮ್ಮ! ಒಂದು ವರ್ಷದಿಂದ ಪಕ್ಕದ ಮನೇಲಿತ್ತು.”

“ಗೊತ್ತಿದ್ದೂ ಹೇಳಲಿಲ್ವಾ?”

“ನೀವೇ ಏನೋ ಕಷ್ಟ ಜಾಸ್ತಿ ಮಾಡಿದೀರಿ ಅಂದ್ಕೊಂಡೆ.”

ನನ್ನ ಜೀವ ಹಗುರಾಯಿತು. ಯಜಮಾನರು ಖುಷಿಯಿಂದ, “ಉತ್ತರ ಸಿಕ್ಕಿದೆ, ಹೇಳ್ಲಾ?” ಎಂದರು.

ದರ್ಜಿಯಣ್ಣ ಎರಡೂ ಕಿವಿ ಮುಚ್ಚಿಕೊಂಡರು. “ಬೇಡ, ಬೇಡ! ಹಾಸಿಗೆ ಹಿಡಿದಾಗ ನಿಮ್ಮಪ್ಪನೂ ಹೇಳೋಕೆ ಬಂದ್ರು. ನಾನು ಬಿಡಿಸೋವರೆಗೂ ಯಾರಿಗೂ ಹೇಳಬೇಡಿ ಅಂತ ಅವರಿಂದ ಮಾತು ತಗೊಂಡಿದ್ದೆ.”