ಬುಡದ ನಡುವಿನ ಲಾವಂಚ

ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಮೊದಲು ಕಾಣುವುದು ತಂಗಿಯ ಹುಲ್ಲು, ಆಮೇಲೆ ನನ್ನದು. ಇಬ್ಬರ ಮನೆಯ ಹಿಂದೆಯೂ ಒಂದೇ ಗುಡ್ಡ, ಒಂದೇ ಮಣ್ಣು. ಮಳೆಗೆ ಮಣ್ಣು ಜಾರದಿರಲೆಂದು ನೆಟ್ಟ ಅವಳ ಲಾವಂಚ ಎದೆಮಟ್ಟ ಬೆಳೆದು ಗೋಡೆ ಕಟ್ಟಿದ ಹಾಗೆ ನಿಂತಿದೆ, ಬೆರಳು ತೂರಿಸಲೂ ಸಂದಿಲ್ಲ. ನನ್ನ ಸಾಲು ಹಲ್ಲುದುರಿದ ಬಾಯಿ.

ಮೂರು ವರ್ಷದ ಹಿಂದೆ ಅವಳು ಪಕ್ಕಕ್ಕೆ ಬಂದು ಮನೆ ಮಾಡಿದಾಗ ಸಸಿ ಕೊಟ್ಟವಳು ನಾನೇ. ಈ ಹುಲ್ಲನ್ನು ಬೀಜ ಬಿತ್ತಿ ಬೆಳೆಸುವುದಿಲ್ಲ. ಹಳೆಯ ಬುಡ ಅಗೆದು, ಸೀಳಿ, ಬೇರು ಸಮೇತ ಬಿಡಿಸಿದ ಒಂದೊಂದು ತೆಂಡೆಯನ್ನು ಬೇರೆ ನೆಡಬೇಕು. ಅಂಚಿನ ತೆಂಡೆ ಎಳೆಯದು, ಎಲ್ಲಿಟ್ಟರೂ ಚಿಗುರುತ್ತದೆ. ನಡುವಿನದು ಮುದಿ, ಒಳಗೊಳಗೇ ಒಣಗಿರುತ್ತದೆ. ಅಂಚಿನವನ್ನು ನಾನಿಟ್ಟುಕೊಂಡೆ. ನಡುವಿನವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಅವಳ ಕೈಗಿಟ್ಟೆ.

ಆಗ ಅವಳು ಬಂದು ಎಂಟು ದಿನ ಆಗಿರಲಿಲ್ಲ, ಅಷ್ಟರಲ್ಲೇ ನನ್ನ ಮಗಳು ಶಾಲೆಯಿಂದ ನೆಟ್ಟಗೆ ಅವಳ ಮನೆಗೇ ಹೋಗತೊಡಗಿದ್ದಳು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ದಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ, ಸೊಂಟ ಹಿಡಿದುಕೊಂಡು ಬರುವಷ್ಟರಲ್ಲಿ ಚಿಕ್ಕಮ್ಮ ಹಾಗಂದಳು, ಚಿಕ್ಕಮ್ಮ ಹೀಗಂದಳು. ಚಿಕ್ಕಮ್ಮನಿಗೆ ಪುರುಸೊತ್ತಿತ್ತು.

ಅಂಚಿನ ಸಸಿ ತಾನೇ ಎಂದು ನಾನು ನೆಟ್ಟು ಮರೆತೆ. ಮೊದಲ ಬೇಸಿಗೆಗೇ ನಾಲ್ಕಕ್ಕೊಂದು ಸತ್ತಿತು. ಸತ್ತ ಜಾಗ ತುಂಬಲಿಲ್ಲ. ಮೊನ್ನೆಯ ಮಳೆಗೆ ನೀರು ಆ ಸಂದು ಹುಡುಕಿಕೊಂಡೇ ಬಂತು. ಮಗಳು ಮಲಗುವ ಕೋಣೆಯ ಗೋಡೆಗೆ ಮೊಣಕಾಲೆತ್ತರ ಕೆಸರು.

"ನಾನು ಚಿಕ್ಕಮ್ಮನ ಮನೇಲಿ ಮಲಗ್ತೀನಿ," ಅಂದಳು ಮಗಳು, ಕೆಸರು ಬಾಚುತ್ತಲೇ. "ಅಲ್ಲಿ ಮಣ್ಣು ಬರಲ್ಲ."

ಆ ಮಾತು ಕೇಳಿ ನಾನು ಕೈ ತೊಳೆದುಕೊಂಡು ನೇರ ತಂಗಿಯ ಹಿತ್ತಲಿಗೆ ಹೋದೆ.

"ಒಂದೈವತ್ತು ತೆಂಡೆ ಬೇಕಿತ್ತು ಕಣೇ."

"ಐವತ್ತು ಎಲ್ಲಿಗೆ ಸಾಲುತ್ತಕ್ಕ? ನೂರು ಬೇಕು. ನಿನ್ನ ಸಂದು ದಿನಾ ನೋಡ್ತೀನಲ್ಲ."

"ದಿನಾ ನೋಡ್ತೀಯಾ?"

"ನೀನು ನನ್ನದನ್ನ ನೋಡಲ್ವಾ?"

ಮಾತು ಮುಗಿಯುವ ಮೊದಲೇ ಗುದ್ದಲಿ ಹಿಡಿದಳು. ಬುಡ ಎತ್ತಿ ಮಣ್ಣು ಕೊಡವಿದಾಗ ಬೇರಿನ ಘಮ ಮೂಗಿಗೆ ಬಡಿಯಿತು. ಕತ್ತಿಯಿಂದ ಸೀಳಿ, ಎಲೆಯನ್ನು ಗೇಣುದ್ದ, ಬೇರನ್ನು ನಾಲ್ಕು ಬೆರಳಿನಷ್ಟು ಬಿಟ್ಟು ಕತ್ತರಿಸಿದಳು. ಅಂಚಿನವು ನನ್ನ ಬುಟ್ಟಿಗೆ. ನಡುವಿನವು ಗೊಬ್ಬರದ ಗುಂಡಿಗೆ.

"ಅದ್ಯಾಕೆ ಬಿಸಾಡ್ತೀಯ?" ಬಾಯಿ ಜಾರಿತು.

ಅವಳು ತಲೆ ಎತ್ತಲಿಲ್ಲ. "ಮುದಿಯವು ಬದುಕಲ್ಲ. ನೀನು ಕೊಟ್ಟಿದ್ದು ಅರವತ್ತು, ಉಳಿದಿದ್ದು ಹನ್ನೊಂದು. ಆ ಹನ್ನೊಂದನ್ನೇ ಸೀಳಿ ಸೀಳಿ ಇಷ್ಟು ಮಾಡಿದ್ದು, ನಾನೂ ನಿನ್ನ ಮಗಳೂ."

ನನ್ನ ಮುಖ ಇಸ್ತ್ರಿಪೆಟ್ಟಿಗೆಯ ಹತ್ತಿರ ಹಿಡಿದ ಹಾಗಾಯಿತು. "ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲವಲ್ಲೇ."

"ಕೇಳಿದ್ರೆ ನೀನು ಏನಾದ್ರೂ ಹೇಳ್ತಿದ್ದೆ. ನಾನು ನಂಬಬೇಕಾಗ್ತಿತ್ತು."

"ಮಗಳಿಗೆ ಗೊತ್ತಾ?"

"ಹುಲ್ಲು ಹಳೇದಿತ್ತು ಅಂದಿದ್ದೀನಿ, ಅಷ್ಟೆ. ಬುಟ್ಟಿ ಭಾರ, ಸೊಂಟ ನೋಡ್ಕೋ."

ಬೈದಿದ್ದರೆ ತಿರುಗಿ ಬೈದು ಹಗುರವಾಗಬಹುದಿತ್ತು. ನನ್ನ ಮಾನವನ್ನೂ ಅವಳೇ ಕಾಪಾಡಿದ್ದಳು, ಅದೂ ನನ್ನ ಮಗಳ ಮುಂದೆ. ಇದೊಂದು ಬಾಕಿ ಇತ್ತು ನನ್ನ ಹೊಟ್ಟೆ ಉರಿಸಲು.

ಭಾನುವಾರ ಮಗಳೂ ನಾನೂ ನೆಡಲು ಕೂತೆವು. ನಾನು ಗೇಣು ಗೇಣಿಗೆ ಗುಳಿ ತೋಡುತ್ತಿದ್ದೆ.

"ಅಷ್ಟು ದೂರ ಬೇಡಮ್ಮ, ಅರ್ಧ ಗೇಣು. ಚಿಕ್ಕಮ್ಮ..." ಅಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಹೇಳು. ಚಿಕ್ಕಮ್ಮ ಏನಂದಳು?"

"ಸಂದು ಬಿಟ್ರೆ ನೀರು ಅಲ್ಲೇ ನುಗ್ಗುತ್ತಂತೆ." ಮೊದಲ ಸಸಿಯ ಬುಡ ಒತ್ತಿ ಮಣ್ಣು ಗಟ್ಟಿ ಮಾಡಿದಳು. "ಬೇರು ಆಳಕ್ಕಿಳಿಯೋಕೆ ಒಂದು ಮಳೆಗಾಲ ಬೇಕಂತೆ. ಅಲ್ಲೀವರೆಗೆ ನಾನು ಚಿಕ್ಕಮ್ಮನ ಮನೇಲೇ ಮಲಗ್ತೀನಮ್ಮ. ಆಮೇಲೆ ಬರ್ತೀನಿ."

ಅವಳ ಕೋಣೆಯ ಗೋಡೆ ಇನ್ನೂ ಒದ್ದೆಯಿತ್ತು. ತೋಡಿದ ಗುಳಿಗಳ ನಡುವೆ ಇನ್ನೊಂದೊಂದು ತೋಡಿದೆ. ಬೇಲಿಯಾಚೆ ತಂಗಿ ಬಟ್ಟೆ ಒಣಹಾಕುತ್ತಾ ಈ ಕಡೆ ನೋಡುತ್ತಿದ್ದಳು. ನೋಡಲಿ. ಅರ್ಧ ಗೇಣು ಅಳೆದು ಮುಂದಿನ ಸಸಿ ಇಟ್ಟೆ.